ಹಿರೇಬೆಣಕಲ್ ಮೋರ್ಯರ ಗುಡ್ಡ: ಊರ ಹುಡುಗನ ಜೊತೆ ಒಂದು ದಿನದ ಗೈಡ್ ನಡಿಗೆ

ಹೋದ ಕಾರ್ತಿಕದಲ್ಲಿ ಮನೆಮಂದಿ ಐದು ಜನ ಹಿರೇಬೆಣಕಲ್ ಗುಡ್ಡ ಹತ್ತಿ ಬಂದೆವು. ಕೊಪ್ಪಳ ಜಿಲ್ಲೆಯಲ್ಲಿ ಗಂಗಾವತಿ ಹತ್ತಿರ ಇರೋ ಗುಡ್ಡ ಅದು, ಮೇಲೆ ಸಾವಿರಾರು ವರ್ಷ ಹಳೆಯ ಕಲ್ಲಿನ ಗೋರಿಗಳಿವೆ. ನಾನು, ಅವ್ವ, ತಮ್ಮ, ಅವನ ಇಬ್ಬರು ಮಕ್ಕಳು. ಅದೇ ಊರಿನ ಹುಡುಗನೊಬ್ಬ ಗೈಡ್ ಆಗಿ ಬಂದಿದ್ದ. ಬೆಳಿಗ್ಗೆ ಆರಕ್ಕೆ ಶುರು, ಮಧ್ಯಾಹ್ನ ಅವರ ಮನೆಯಲ್ಲಿ ರೊಟ್ಟಿ ಊಟ, ಎಲ್ಲ ಸೇರಿ 2000 ರೂಪಾಯಿ. ದುಡ್ಡಿಗೆ ಮೋಸ ಇಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಯಾಕೆ ಅಂತ ಹೇಳೋದಕ್ಕೆ ಸ್ವಲ್ಪ ಜಾಸ್ತಿ ಬರೆಯಬೇಕಾಗುತ್ತೆ, ಬೇಜಾರಿಲ್ಲ ಅಂದ್ರೆ ಪೂರ್ತಿ ಓದಿ.

ಇದಕ್ಕೂ ಮುಂಚೆ ಒಂದು ಸಲ ಹೋಗಿ ಮೋಸ ಹೋಗಿದ್ದೆವು. ಹಂಪಿ, ಆನೆಗುಂದಿ, ಹಿರೇಬೆಣಕಲ್ ಮೂರನ್ನೂ ಒಂದೇ ದಿನದಲ್ಲಿ ತೋರಿಸುತ್ತೇವೆ ಅಂತ ಒಬ್ಬರು ಗಾಡಿ ಕಳಿಸಿದ್ದರು. ಹೆಸರು ಬೇಡ. ಸಂಜೆ ನಾಲ್ಕಕ್ಕೆ ಗಂಗಾವತಿ ಕೊಪ್ಪಳ ರಸ್ತೆಯಲ್ಲಿ ಗಾಡಿ ನಿಲ್ಲಿಸಿ, ಡ್ರೈವರ್ ಕೈ ಚಾಚಿ "ಅದೋ ಆ ಗುಡ್ಡದ ಮ್ಯಾಲ ಐತ್ರಿ" ಅಂದ. ಅಷ್ಟೇ. ಗುಡ್ಡ ಕಂಡಿತು, ಗೋರಿ ಒಂದೂ ಕಾಣಲಿಲ್ಲ. ಅದಕ್ಕೇ ಈ ಸಲ ಊರವರನ್ನೇ ಹಿಡಿಯೋಣ ಅಂತ ತಮ್ಮ ಹಟ ಹಿಡಿದ. ಗಂಗಾವತಿಯ ಅವನ ಗೆಳೆಯನ ಮೂಲಕ ಈ ಹುಡುಗನ ನಂಬರ್ ಸಿಕ್ಕಿತು.

ಅವ್ವನನ್ನು ಒಪ್ಪಿಸೋದೇ ದೊಡ್ಡ ಕೆಲಸ ಆಯಿತು. "ಗೋರಿ ನೋಡಾಕ ರೊಕ್ಕ ಕೊಟ್ಟು ಯಾಕ ಹೋಗಬೇಕು, ನಮ್ಮ ಹೊಲದಾಗ ಇಲ್ಲೇನು?" ಅಂದಳು. ಅವ್ವ ಹೇಳಿದ್ದು ಸುಳ್ಳಲ್ಲ. ನಮ್ಮ ಅಜ್ಜಿಯ ಸಮಾಧಿ ಹೊಲದಲ್ಲೇ ಇದೆ, ವರ್ಷಕ್ಕೊಮ್ಮೆ ಹೋಗಿ ಕಸ ತೆಗೆದು, ಸುಣ್ಣ ಹಚ್ಚಿ, ಕಾಯಿ ಒಡೆದು ಬರುತ್ತೇವೆ. ಆದರೂ ಮೊಮ್ಮಕ್ಕಳು ಬಿಡಲಿಲ್ಲ, ಹೊರಟಳು.

ಬಳ್ಳಾರಿಯಿಂದ ಬೆಳಗಿನ ಜಾವ ಕಂಪ್ಲಿ ದಾರಿ ಹಿಡಿದೆವು. ಹೊಳೆ ತುಂಬಿದಾಗ ಕಂಪ್ಲಿ ಸೇತುವೆ ಮುಳುಗಿ ದಾರಿ ಬಂದ್ ಆಗುತ್ತೆ, ಮಳೆಗಾಲದಲ್ಲಿ ಹೋಗೋರು ವಿಚಾರಿಸಿಕೊಂಡು ಹೊರಡಿ. ಹಿರೇಬೆಣಕಲ್ ಇರೋದು ಗಂಗಾವತಿಯಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿ. ಊರ ಮುಂದೆ ಹುಡುಗ ಕಾಯುತ್ತಾ ನಿಂತಿದ್ದ. ಕೈಯಲ್ಲಿ ಒಂದು ಕೋಲು, ಹೆಗಲಿಗೆ ನೀರಿನ ಚೀಲ. ಮೊದಲು ನೋಡಿದ್ದು ಅವ್ವನ ಕಾಲಿನ ಕಡೆ. "ಅವ್ವಾರ, ಚಪ್ಪಲಿ ಜಾರತಾವ್ರಿ" ಅಂತ ಮನೆಗೆ ಓಡಿ ಹೋಗಿ ಅವರಮ್ಮನ ಬೂಟು ತಂದುಕೊಟ್ಟ. ಹೊಲಕ್ಕೆ ಹಾಕೋ ಕ್ಯಾನ್ವಾಸ್ ಬೂಟು. ಸರಿಯಾಗಿ ಕೂತವು. ನಾನು ಅಲ್ಲೇ ಮನಸ್ಸಿನಲ್ಲಿ ಅರ್ಧ ಮಾರ್ಕು ಕೊಟ್ಟುಬಿಟ್ಟೆ.

ಹತ್ತೋದಕ್ಕೆ ಒಂದು ತಾಸು ಅಂತ ಫೋನಿನಲ್ಲಿ ಹೇಳಿದ್ದ. ನಮಗೆ ಎರಡು ತಾಸು ಹಿಡಿಯಿತು. ಇದನ್ನು ಅವನು ತಿದ್ದಿಕೊಳ್ಳಬೇಕು, ವಯಸ್ಸಾದವರು ಇದ್ದಾರೆ ಅಂತ ಮೊದಲೇ ತಿಳಿಸಿದ್ದೆವಲ್ಲ. ದಾರಿ ಅಲ್ಲಲ್ಲಿ ಕವಲೊಡೆಯುತ್ತೆ, ಮುಳ್ಳುಕಂಟಿ ಜಾಸ್ತಿ, ದೊಡ್ಡ ದೊಡ್ಡ ಗುಂಡುಗಳ ಸಂದಿಯಲ್ಲಿ ನುಸುಳಬೇಕು. ಈ ಕಡೆ ಗುಡ್ಡಗಳಲ್ಲಿ ಕರಡಿ, ಚಿರತೆ ಓಡಾಡುತ್ತವೆ. ಗೊತ್ತಿದ್ದವರು ಇಲ್ಲದೆ ಸುಮ್ನೆ ಹತ್ತೋಕೆ ಹೋಗಬೇಡಿ. ಅರ್ಧ ಹತ್ತಿ ತಿರುಗಿ ನೋಡಿದರೆ ಕೆಳಗೆ ಕಣ್ಣು ಹಾಯುವಷ್ಟು ದೂರ ಗಂಗಾವತಿ ಭತ್ತದ ಗದ್ದೆ, ಕಾಲುವೆ ನೀರಿನ ಹಸಿರು. ಮೇಲೆ ಬರೀ ಒಣ ಕಲ್ಲು.

ಈಗ ಗೋರಿಗಳ ವಿಷಯ.

ಬಂಡೆಯ ಮೇಲೆ ಕಲ್ಲಿನ ಮನೆಗಳು. ನಿಜವಾಗಿ ಮನೆ ಹಾಗೇ ಕಾಣುತ್ತವೆ. ಮೂರು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಕೆಲವಕ್ಕೆ ನಾಲ್ಕನೇ ಕಡೆಯೂ ಕಲ್ಲಿದೆ, ಅದರಲ್ಲಿ ದುಂಡನೆಯ ಕಿಂಡಿ. ಕೆಲವು ಮೊಣಕಾಲೆತ್ತರ, ಕೆಲವು ನನ್ನ ತಲೆಗಿಂತ ಎತ್ತರ. ಒಂದರ ಪಕ್ಕ ಒಂದು, ಓಣಿ ಹಾಗೆ. ಇಡೀ ಗುಡ್ಡದಲ್ಲಿ ಸುಮಾರು 400 ಇವೆಯಂತೆ. ಬೃಹತ್ ಶಿಲಾಯುಗದ ಗೋರಿಗಳು ಅಂತ ಪುಸ್ತಕದಲ್ಲಿ ಓದಿರ್ತೀರಿ. ಕ್ರಿ.ಪೂ. 800ರಿಂದ ಕ್ರಿ.ಪೂ. 200ರವರೆಗಿನ ಕಾಲದವು ಅಂತ ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಅಂದ್ರೆ ಹಂಪಿಗಿಂತ ಎಷ್ಟು ಹಳೆಯದು ನೋಡಿ. ಹಂಪಿಯಲ್ಲಿ ಮೊದಲ ಗುಡಿ ಕಟ್ಟುವ ಹೊತ್ತಿಗೆ ಇಲ್ಲಿನ ಗೋರಿಗಳನ್ನು ಕಟ್ಟಿದವರು ಯಾರು ಅಂತಲೇ ಜನ ಮರೆತಿರಬೇಕು.

ಹುಡುಗನ ವಿಶೇಷ ನನಗೆ ಗೊತ್ತಾಗಿದ್ದು ಇಲ್ಲೇ. ಅವನು ಯಾವುದೇ ಮಾತು ಹೇಳುವ ಮುಂಚೆ ಅದು ಎಲ್ಲಿಂದ ಬಂದದ್ದು ಅಂತ ಹೇಳುತ್ತಾನೆ. "ಇದು ನಮ್ಮಜ್ಜ ಹೇಳಿದ್ರಿ." "ಇದು ಅಗೆದು ನೋಡಿದವರು ಬರೆದದ್ರಿ." "ಇದು ನಾ ಅನ್ಕೊಂಡದ್ರಿ, ತಪ್ಪಿರಬಹುದು." ಇಡೀ ದಿನ ಈ ಮೂರನ್ನೂ ಒಂದರಲ್ಲಿ ಒಂದು ಕಲಸಲಿಲ್ಲ. ಎಷ್ಟೋ ಕಡೆ ಗೈಡುಗಳ ಜೊತೆ ತಿರುಗಿದ್ದೇನೆ, ರಾಣಿ ಸ್ನಾನ ಮಾಡಿದ್ದು, ರಾಜ ವಜ್ರ ಅಳೆದದ್ದು ಎಲ್ಲವನ್ನೂ ಕಣ್ಣಾರೆ ಕಂಡವರ ಹಾಗೆ ಹೇಳುತ್ತಾರೆ. ಇಷ್ಟು ಪ್ರಾಮಾಣಿಕವಾಗಿ ಹೇಳಿದವನನ್ನು ನಾನು ನೋಡಿರಲಿಲ್ಲ.

ಅಜ್ಜನ ಲೆಕ್ಕದಲ್ಲಿ ಇವು ಮೋರ್ಯರ ಮನೆಗಳು. ಮೋರ್ಯರು ಅಂದ್ರೆ ಗಿಡ್ಡ ಜನ, ಆದರೆ ಆನೆಯಷ್ಟು ಬಲ. ಒಂದು ಸಲ ಬೆಂಕಿ ಮಳೆ ಬರುತ್ತೆ ಅಂತ ಗೊತ್ತಾಗಿ ಕಲ್ಲಿನ ಮನೆ ಕಟ್ಟಿಕೊಂಡು ಒಳಗೆ ಸೇರಿಕೊಂಡರು. ಮಳೆ ಬಂತು, ಕಲ್ಲು ಕಾದವು, ಒಳಗಿದ್ದವರು ಅಲ್ಲೇ ಸತ್ತರು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಮೋರ್ಯ ಅನ್ನೋದು ಅಶೋಕನ ಮೌರ್ಯ ಇರಬಹುದಾ ಅಂತ ತಮ್ಮ ಕೇಳಿದ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಂತೂ ಅಶೋಕ ಅನ್ನೋ ಹೆಸರೇ ಇದೆ, ಹಾಗಾಗಿ ಯಾರಿಗಾದರೂ ಆ ಯೋಚನೆ ಬರುತ್ತೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಶೋಕ ಬರೋಕಿಂತ ಮೊದಲ ಇಲ್ಲಿ ಗೋರಿ ಕಟ್ಟಾಕ ಹತ್ತಿದ್ರಲ್ರಿ ಅಣ್ಣಾರ, ಹೆಸರು ಆಮ್ಯಾಲೆ ಬಂದಿರಬೇಕು. ಇದು ನಾ ಅನ್ಕೊಂಡದ್ದು" ಅಂದ.

ಮಕ್ಕಳಲ್ಲಿ ದೊಡ್ಡವನು ಕಿಂಡಿಯೊಳಗೆ ತಲೆ ತೂರಿಸಲು ಹೋದ. ಹುಡುಗ ಮೆಲ್ಲಗೆ ಭುಜ ಹಿಡಿದು ಹಿಂದಕ್ಕೆ ಸರಿಸಿ, ಮೊದಲು ಕೋಲಿನಿಂದ ಬಂಡೆ ತಟ್ಟಿದ. ಒಳಗೆ ಹಾವಿದ್ದರೆ ಹೋಗಲಿ ಅಂತ. ಆಮೇಲೆ "ಮುಟ್ಟಬ್ಯಾಡ, ಕಣ್ಣಾಗ ನೋಡು" ಅಂದ. ನಾನೂ ಬಗ್ಗಿ ನೋಡಿದೆ. ಕಿಂಡಿ ನಮ್ಮ ಊಟದ ಗಂಗಾಳಕ್ಕಿಂತ ತುಸು ದೊಡ್ಡದು. ಅಂಚು ಅಲ್ಲಲ್ಲಿ ಸವೆದಿದೆ, ಒಂದು ಕಡೆ ಮಾತ್ರ ಬಡಿದು ಬಡಿದು ತೆಗೆದ ಸಣ್ಣ ಗುಳಿಗಳು ಇನ್ನೂ ಕಾಣುತ್ತವೆ, ಹಿಟ್ಟಿನ ಮೇಲೆ ಬೆರಳು ಒತ್ತಿದ ಹಾಗೆ. ಚಪ್ಪಡಿಯ ದಪ್ಪ ಒಂದು ಗೇಣು ಕೂಡ ಇಲ್ಲ. ಒಳಗೆ ಮಣ್ಣು, ಒಣಗಿದ ಎಲೆ, ಜೇಡರ ಬಲೆ. ಬೇರೇನೂ ಇಲ್ಲ. ಆದರೂ ಬಹಳ ಹೊತ್ತು ಅಲ್ಲಿಂದ ಏಳೋಕೆ ಮನಸ್ಸಾಗಲಿಲ್ಲ ನನಗೆ.

ಇಷ್ಟು ತೆಳ್ಳಗೆ, ಇಷ್ಟು ಅಗಲ ಚಪ್ಪಡಿ ಹೇಗೆ ತೆಗೆದರು? ಟನ್‌ಗಟ್ಟಲೆ ತೂಕ. ಹುಡುಗ ಗುಡ್ಡದ ಮೇಲಿನ ಹೊಂಡದ ಹತ್ತಿರ ಕರೆದುಕೊಂಡು ಹೋದ. ಅಲ್ಲಿ ಬಂಡೆ ಉಳ್ಳಾಗಡ್ಡಿ ಸಿಪ್ಪೆ ಬಿಟ್ಟ ಹಾಗೆ ಪದರ ಪದರ ಎದ್ದಿದೆ. ಗ್ರಾನೈಟ್ ಬಂಡೆ ಬಿಸಿಲಿಗೆ ಕಾದು, ರಾತ್ರಿ ತಣಿದು, ಸಾವಿರಾರು ವರ್ಷದಲ್ಲಿ ಹೀಗೆ ಪದರ ಬಿಡುತ್ತೆ. ಆ ಪದರದ ಸಂದಿಯಲ್ಲಿ ಬೆಣೆ ಹೊಡೆದು ಎಬ್ಬಿಸಿದರೆ ಚಪ್ಪಡಿ ಸಿಕ್ಕಂಗೆ. ಹೊಂಡದ ಆಸುಪಾಸಿನಿಂದಲೇ ಕಲ್ಲು ತೆಗೆದಿದ್ದಾರೆ ಅನ್ನೋದು ತಿಳಿದವರ ಅಭಿಪ್ರಾಯ. ನಮ್ಮ ಕಡೆ ಕಲ್ಲು ಒಡೆಯೋರ ಕೆಲಸ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಎಬ್ಬಿಸೋದು ಒಂದು ಕೆಲಸ, ಹೊತ್ತು ತಂದು ನಿಲ್ಲಿಸೋದು ಇನ್ನೊಂದು. ಒಂದೆರಡು ಮನೆಯವರಿಂದ ಆಗೋ ಮಾತಲ್ಲ. ಊರೇ ಸೇರಿರಬೇಕು, ಅಷ್ಟೂ ಮಂದಿಗೆ ಯಾರೋ ಅಡುಗೆ ಮಾಡಿ ಹಾಕಿರಬೇಕು, ಅಲ್ವಾ?

ಅವ್ವ ಅಷ್ಟು ಹೊತ್ತು ಒಂದು ಗೋರಿ ಎದುರಿಗೆ ಸುಮ್ಮನೆ ಕೂತಿದ್ದಳು. ನಾವು ಹತ್ತಿರ ಹೋದಾಗ, "ಇದು ನಮ್ಮ ಗೂಡಿದ್ದಂಗ ಐತಲ್ಲ" ಅಂದಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಲಿಂಗಾಯತರಲ್ಲಿ ಗುಂಡಿ ತೋಡಿ, ಅದರ ಒಂದು ಗೋಡೆಯಲ್ಲಿ ಗೂಡು ಕೊರೆದು, ತೀರಿಕೊಂಡವರನ್ನು ಅದರೊಳಗೆ ಕೂರಿಸುತ್ತಾರೆ. ಕೈಯಲ್ಲಿ ಇಷ್ಟಲಿಂಗ, ಮೇಲೆ ವಿಭೂತಿ, ಪತ್ರಿ. ಮಲಗಿಸೋದಿಲ್ಲ. ಅಜ್ಜಿಯನ್ನು ಹಾಗೇ ಕೂರಿಸಿದ್ದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೆ. ಕಲ್ಲಿನ ಮನೆ, ಕಿಂಡಿ, ಒಳಗೆ ಕತ್ತಲು ನೋಡಿ ಅವ್ವನಿಗೆ ಅದೇ ನೆನಪಾಗಿದೆ. ಬೇರೆ ಗೈಡ್ ಆಗಿದ್ದರೆ ಹೌದು ಅಂತ ತಲೆ ಆಡಿಸಿ ಖುಷಿ ಪಡಿಸುತ್ತಿದ್ದ. ಇವನು ಹಾಗೆ ಮಾಡಲಿಲ್ಲ. ಅವ್ವನ ಪಕ್ಕ ಕುಕ್ಕರಗಾಲಲ್ಲಿ ಕೂತು, "ನೋಡಾಕ ಹಂಗ ಕಾಣತೈತ್ರಿ ಅವ್ವಾರ. ಆದ್ರ ಇವರ ಪದ್ಧತಿ ಬ್ಯಾರೆ ಇತ್ತು" ಅಂತ ಶುರು ಮಾಡಿದ.

ಅವನು ಹೇಳಿದ್ದನ್ನು ಮನೆಗೆ ಬಂದು ಓದಿಯೂ ನೋಡಿದೆ, ಸರಿಯಾಗೇ ಹೇಳಿದ್ದಾನೆ. ಆ ಕಾಲದ ಗೋರಿಗಳಲ್ಲಿ ಎಷ್ಟೋ ಕಡೆ ಇಡೀ ದೇಹ ಇಡುತ್ತಿರಲಿಲ್ಲ. ದೇಹವನ್ನು ಮೊದಲು ಬೇರೆ ಕಡೆ ಬಿಟ್ಟು, ಮಾಂಸ ಎಲ್ಲ ಹೋದ ಮೇಲೆ ಮೂಳೆಗಳನ್ನು ಆರಿಸಿ ತಂದು ಇಡುತ್ತಿದ್ದರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವ ತಜ್ಞ ಮಾರ್ಟಿಮರ್ ವೀಲರ್ ಅಗೆದಾಗ ಒಂದೇ ಗೋರಿಯಲ್ಲಿ ಹಲವರ ಮೂಳೆ ಸಿಕ್ಕವು. ಜೊತೆಗೆ ಕಪ್ಪು ಕೆಂಪು ಎರಡೂ ಬಣ್ಣ ಇರೋ ಮಡಕೆ, ಕಬ್ಬಿಣದ ಸಾಮಾನು, ಮಣಿ ಇಡುತ್ತಿದ್ದರು. ಹಿರೇಬೆಣಕಲ್‌ನಲ್ಲಿ ಇನ್ನೊಂದು ವಿಷಯ ಇದೆ. ಎಷ್ಟೋ ಗೋರಿ ನಿಂತಿರೋದು ಬರೀ ಬಂಡೆ ಮೇಲೆ. ಹೂಳೋಕೆ ಅಲ್ಲಿ ಮಣ್ಣೇ ಇಲ್ಲ. ಹಾಗಾಗಿ ಇವುಗಳಲ್ಲಿ ಕೆಲವು ಹೂಳಿದ ಜಾಗ ಅಲ್ಲ, ಹೋದವರ ನೆನಪಿಗೆ ಕಟ್ಟಿದ್ದು ಇರಬಹುದು ಅಂತ ವಿದ್ವಾಂಸರು ಹೇಳುತ್ತಾರೆ. ಅವ್ವನಿಗೆ ಇದು ತಟ್ಟನೆ ಅರ್ಥ ಆಯಿತು. "ಹಂಗಾದ್ರ ಇದು ಗದ್ದಿಗಿ ಇದ್ದಂಗ" ಅಂದಳು. ನನಗೆ ಎರಡು ಪುಸ್ತಕ ಓದಿದರೂ ಇಷ್ಟು ಸಲೀಸಾಗಿ ಹೊಳೆದಿರಲಿಲ್ಲ.

ಆಮೇಲೆ ನಡೆದಿದ್ದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿ, ಅವ್ವನನ್ನು ಕೇಳಿಯೇ ಬರೆಯುತ್ತಿದ್ದೇನೆ. ನೆರಳಿನಲ್ಲಿ ಕೂತಾಗ ತಮ್ಮ, ಮಕ್ಕಳಿಗೂ ಹೀಗೇ ಗೋರಿ ಕಟ್ಟುತ್ತಿದ್ದರಾ ಅಂತ ಕೇಳಿದ. ಹುಡುಗ ನಮ್ಮ ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯ ಮಾತು ತೆಗೆದ. ಅಲ್ಲಿ 1963-64ರಲ್ಲಿ ಅಗೆದು ನೋಡಿದ್ದಾರೆ. ಅದು ಈ ಗೋರಿಗಳಿಗಿಂತಲೂ ಹಿಂದಿನ ಕಾಲ, ನವಶಿಲಾಯುಗ. ಎಳೆಗೂಸು ಸತ್ತರೆ ಮಡಕೆಯಲ್ಲಿಟ್ಟು ಹೂಳುತ್ತಿದ್ದರು. ಆ ಕಾಲದ ಊರುಗಳಲ್ಲಿ ಮನೆಯ ನೆಲದಡಿಯಲ್ಲೇ ಹೂಳಿದ್ದೂ ಉಂಟು. ದೂರ ಕಳಿಸುತ್ತಿರಲಿಲ್ಲ. ನನಗಿಂತ ಮುಂಚೆ ಅವ್ವನಿಗೆ ಒಂದು ಕೂಸು ಹುಟ್ಟಿ ಒಂಬತ್ತು ದಿನಕ್ಕೆ ಹೋಗಿತ್ತು. ಅದನ್ನು ಹಿತ್ತಲಲ್ಲಿ ಹೂಳಿದ್ದರು ಅಂತ ನಮಗೆ ಗೊತ್ತಿತ್ತು, ಆದರೆ ಅವ್ವ ಯಾವತ್ತೂ ಅದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಅವತ್ತು ಆ ಬಂಡೆ ಮೇಲೆ ಕೂತು, ಯಾವ ಗಿಡದ ಬುಡ, ಯಾರು ಗುಂಡಿ ತೋಡಿದರು, ಅಜ್ಜಿ ಯಾವ ಸೀರೆ ಹರಿದು ಸುತ್ತಿದಳು, ಎಲ್ಲ ಹೇಳಿದಳು. ಹುಡುಗ ಎದ್ದು ಮಕ್ಕಳನ್ನು ಕರೆದುಕೊಂಡು ಹೊಂಡದ ಕಡೆ ಹೋದ. ಯಾರೂ ಹೇಳಿಕೊಡದೆ ಅವನಿಗೆ ಅದು ತಿಳಿಯಿತು. ಗೈಡ್ ಕೆಲಸಕ್ಕೆ ಇದೂ ಬೇಕು ಅಂತ ನಾನು ಅಂದುಕೊಂಡಿರಲಿಲ್ಲ.

ನಗಾರಿ ಗುಂಡಿನ ವಿಷಯ ಬರೆಯದಿದ್ದರೆ ತಮ್ಮನ ಮಕ್ಕಳು ನನ್ನನ್ನು ಬಿಡೋದಿಲ್ಲ. ಎತ್ತರದ ಬಂಡೆ ಮೇಲೆ ಅರ್ಧ ಚೆಂಡಿನಂಥ ದೊಡ್ಡ ಗುಂಡು ಕೂತಿದೆ, ಸುಮಾರು ಎರಡು ಮೀಟರ್ ಅಗಲ. ನಮ್ಮನ್ನು ಕೆಳಗೆ ನಿಲ್ಲಿಸಿ ಹುಡುಗ ಒಬ್ಬನೇ ಹತ್ತಿ, ಮರದ ಕೊರಡಿನಿಂದ ಎರಡೇ ಎರಡು ಸಲ ಹೊಡೆದ. ಕಲ್ಲಿನ ಸದ್ದೇ ಅಲ್ಲ ಅದು. ಜಾತ್ರೆಯಲ್ಲಿ ನಗಾರಿ ಹೊಡೆದರೆ ಎದೆಗೆ ಬಡಿಯುತ್ತಲ್ಲ, ಹಾಗೆ. ಒಂದು ಕಿಲೋಮೀಟರ್ ಆಚೆಗೂ ಕೇಳುತ್ತಂತೆ. ಚಿಕ್ಕವಳು ಇನ್ನೊಂದ್ಸಲ ಅಂತ ಎಷ್ಟು ಗೋಗರೆದರೂ ಮೂರನೇ ಸಲ ಹೊಡೆಯಲಿಲ್ಲ. ಬಂದವರೆಲ್ಲ ಕಲ್ಲು ತಗೊಂಡು ಕುಟ್ಟಿ ಕುಟ್ಟಿ ಗುಂಡು ಹಾಳಾಗುತ್ತೆ ಅಂತ. ನಮ್ಮ ಸಂಗನಕಲ್ಲು ಕುಪ್ಪಗಲ್ಲು ಗುಡ್ಡದಲ್ಲೂ ಬಡಿದರೆ ಗಂಟೆಯಂತೆ ನುಡಿಯುವ ಕಪ್ಪು ಕಲ್ಲುಗಳಿವೆ, ಎಷ್ಟು ಬಳ್ಳಾರಿಯವರು ಹೋಗಿ ನೋಡಿದ್ದೀರಿ? ಸತ್ತವರನ್ನು ಕಳಿಸಿಕೊಡುವಾಗ ಈ ನಗಾರಿ ಹೊಡೆಯುತ್ತಿದ್ದರಾ ಅಂತ ಕೇಳಿದೆ. "ನಾ ಹಂಗ ಅನ್ಕೋತೀನ್ರಿ ಅಕ್ಕಾರ, ಆದ್ರ ಬರೆದಿಟ್ಟವರು ಯಾರಿಲ್ಲ" ಅಂದ. ಈಗಲೂ ನಮ್ಮ ಕಡೆ ಹೆಣದ ಮುಂದೆ ಹಲಗೆ ಬಡಿಯುತ್ತಾರಲ್ಲ, ಅದು ನೆನಪಾಯಿತು.

ಬೇಸರ ಆಗಿದ್ದು ಬೇರೆಯದಕ್ಕೆ. ನಿಧಿ ಆಸೆಗೆ ಅಗೆದ ಗುಂಡಿಗಳು, ಉರುಳಿ ಬಿದ್ದ ಚಪ್ಪಡಿಗಳು, ಒಂದರ ಮೇಲೆ ಬಣ್ಣದಲ್ಲಿ ಬರೆದ ಜೋಡಿ ಹೆಸರು. ಗೋರಿಯಲ್ಲಿ ಬಂಗಾರ ಎಲ್ಲಿಂದ ಬರಬೇಕು? ಮಡಕೆ ಚೂರು, ತುಕ್ಕು ಹಿಡಿದ ಕಬ್ಬಿಣ ಸಿಗುತ್ತೆ, ಅದು ಅಗೆಯುವವನಿಗೆ ಕಸ, ಇತಿಹಾಸಕ್ಕೆ ಅದೇ ಎಲ್ಲ. ಮೆಡೋಸ್ ಟೇಲರ್ ಅನ್ನೋ ಬ್ರಿಟಿಷ್ ಅಧಿಕಾರಿ 1835ರಲ್ಲೇ ಈ ಜಾಗದ ಬಗ್ಗೆ ಬರೆದಿದ್ದ. ಯುನೆಸ್ಕೋ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಇದು ಸೇರಿದ್ದು 2021ರಲ್ಲಿ. ಅಷ್ಟು ವರ್ಷ ಇದನ್ನು ಕಾಪಾಡಿದ್ದು ಮೋರ್ಯರ ಮನೆ ಅನ್ನೋ ಭಯ ಭಕ್ತಿಯೇ ಅಂತ ನನಗೆ ಅನಿಸುತ್ತೆ.

ಇಳಿದು ಊರಿಗೆ ಬಂದಾಗ ಎರಡು ಗಂಟೆ. ಬಾಗಿಲಲ್ಲಿ ಅವ್ವ ನಿಂತುಬಿಟ್ಟಳು. ಗೋರಿಗೆ ಹೋಗಿ ಬಂದು ಸ್ನಾನ ಮಾಡದೆ ಇನ್ನೊಬ್ಬರ ಮನೆಯೊಳಗೆ ಹೆಂಗೆ ಹೋಗೋದು ಅಂತ. ಹುಡುಗನ ತಾಯಿ ಬಾಗಿಲ ಪಕ್ಕ ಮೊದಲೇ ಒಂದು ಕೊಡ ನೀರು ತುಂಬಿಟ್ಟಿದ್ದರು. "ಬರ್ರಿ ಯಕ್ಕಾ, ಕಾಲ ತೊಳಕೊಂಡ್ರ ಸಾಕು, ಅವರೂ ನಮ್ಮ ಹಿರೇರ ಅಲ್ಲೇನು" ಅಂತ ತಾವೇ ನೀರು ಹಾಕಿದರು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಆಮೇಲೆ ಅನ್ನ ಸಾರು. ಎಣ್ಣೆಗಾಯಿ ಖಾರ ಮಕ್ಕಳಿಗೆ ಜಾಸ್ತಿ ಆಯಿತು, ಮೊದಲೇ ಹೇಳಿದರೆ ಕಡಿಮೆ ಹಾಕುತ್ತಾರೆ.

ತಿದ್ದಿಕೊಳ್ಳಬೇಕಾದ್ದೂ ಹೇಳಿಬಿಡುತ್ತೇನೆ, ಅವನಿಗೂ ನೇರವಾಗಿ ಹೇಳಿದ್ದೇನೆ. ಹತ್ತುವ ಹೊತ್ತಿನ ಲೆಕ್ಕ ಸರಿಯಿಲ್ಲ. ಚೀಲದಲ್ಲಿ ಒಂದು ಗಾಯದ ಪಟ್ಟಿ, ಮುಲಾಮು ಕೂಡ ಇರಲಿಲ್ಲ, ತಮ್ಮನ ಮೊಣಕೈ ತರಚಿದಾಗ ನನ್ನ ಕರ್ಚೀಫೇ ಗತಿ. ಮೇಲೆ ಫೋನ್ ನೆಟ್‌ವರ್ಕ್ ಸಿಗಲಿಲ್ಲ, ಹಾಗಾಗಿ ಇಂಥದ್ದೆಲ್ಲ ಇಟ್ಟುಕೊಳ್ಳಲೇಬೇಕು. ನೀರು ತಲೆಗೆ ಮೂರು ಲೀಟರ್ ನೀವೇ ಒಯ್ಯಿರಿ, ಗುಡ್ಡದ ಮೇಲೆ ಅಂಗಡಿ ಇಲ್ಲ. ನವೆಂಬರ್‌ನಿಂದ ಜನವರಿಯೊಳಗೆ ಹೋಗಿ. ಬೇಸಿಗೆಯಲ್ಲಿ ಆ ಬಂಡೆ ಮೇಲೆ ಕಾಲಿಡೋಕೆ ಆಗಲ್ಲ, ಬೆಂಕಿ ಮಳೆ ಕಥೆ ನಿಜ ಅನಿಸಿಬಿಡುತ್ತೆ. ಆದರೆ ಹೋಗೋ ಮುಂಚೆ ಬಳ್ಳಾರಿಯಲ್ಲಿರೋ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯ ಒಂದು ಸಲ ನೋಡಿಕೊಂಡು ಹೋಗಿ. ಆದಿಮಾನವರ ಕಾಲದ ವಿಷಯ ಸ್ವಲ್ಪ ಗೊತ್ತಿದ್ದರೆ ಗುಡ್ಡದ ಮೇಲೆ ಕಣ್ಣಿಗೆ ಜಾಸ್ತಿ ಕಾಣುತ್ತೆ.

ಕೆಂಪು ಬಣ್ಣದ ಚಿತ್ರಗಳಿರುವ ಗವಿಗಳಿಗೆ ಹೋಗಲು ಅವತ್ತು ಹೊತ್ತು ಸಾಲಲಿಲ್ಲ. ಮನುಷ್ಯರು ಕುಣಿಯೋದು, ಬೇಟೆ, ಪ್ರಾಣಿಗಳು, ಎಲ್ಲ ಬರೆದಿದ್ದಾರೆ. ಸಂಕ್ರಾಂತಿ ಆದ ಮೇಲೆ ಬರ್ರಿ ಅಂದಿದ್ದಾನೆ. ಈ ಸಲ ಹೊರಡೋಣ ಅಂತ ಮೊದಲು ಹೇಳಿದ್ದು ಅವ್ವ. ತನ್ನ ಅಳತೆಗೆ ಕ್ಯಾನ್ವಾಸ್ ಬೂಟು ಹೋದ ವಾರವೇ ತಗೊಂಡಿದ್ದಾಳೆ.